ತಂತಿಯಿಂದ ಗಾಜಿನ ಎಳೆಗೆ: ನಮ್ಮ ಸೀಮೆಯ ಮನೆಗಳಿಗೆ ಇಂಟರ್‌ನೆಟ್ ಬಂದ ಬಗೆ

ಹಳೆಯ ವಿದ್ಯಾರ್ಥಿ, 2005ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್

ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಗುರುಗಳು ಕೇಳಿದರು. ಶಾಲೆಯ ಕಟ್ಟಡ, ಜಾಗ ಕೊಟ್ಟ ದಾನಿಗಳು, ಮೊದಲ ಮುಖ್ಯೋಪಾಧ್ಯಾಯರು, ಆಟೋಟಗಳಲ್ಲಿ ಗೆದ್ದ ಬಹುಮಾನಗಳು, ಇವುಗಳ ಬಗ್ಗೆ ಬರೆಯಲು ನನಗಿಂತ ಚೆನ್ನಾಗಿ ಬಲ್ಲವರು ಇದ್ದಾರೆ. ಊರಿಗೆ ರಸ್ತೆ, ಕರೆಂಟು, ಬೋರ್‌ವೆಲ್ಲು ಬಂದ ಕಥೆಯನ್ನು ಹಿರಿಯರು ಅರಳಿಕಟ್ಟೆಯ ಮೇಲೆ ಕುಳಿತು ಈಗಲೂ ಹೇಳುತ್ತಾರೆ. ಆದರೆ ಸುದ್ದಿ, ಮಾತು, ಮಾಹಿತಿ ಓಡಾಡುವ ದಾರಿ ನಮ್ಮ ಸೀಮೆಗೆ ಹೇಗೆ ಬಂತು ಎಂಬುದನ್ನು ಯಾರೂ ಒಂದು ಕಡೆ ಬರೆದಂತಿಲ್ಲ. ನನ್ನ ವೃತ್ತಿ ಆ ದಾರಿಯನ್ನೇ ನಂಬಿಕೊಂಡಿರುವುದರಿಂದ ಅದನ್ನೇ ಆರಿಸಿಕೊಂಡಿದ್ದೇನೆ.

ಇದು ಕೇವಲ ಕಂಪ್ಯೂಟರ್ ಕಲಿತವರ ವಿಷಯವಲ್ಲ. ಇಂದು ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿದರೆ ಅಕ್ಕಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋದವರ ಹಾಜರಿಯನ್ನು 2023ರ ಜನವರಿಯಿಂದ ಮೊಬೈಲ್ ಆ್ಯಪ್‌ನಲ್ಲಿ ಫೋಟೊ ಸಮೇತ ದಾಖಲಿಸುವುದು ಕಡ್ಡಾಯವಾಯಿತು. ಪಹಣಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಸಿಇಟಿ ಅರ್ಜಿ, ಎಲ್ಲವೂ ಅದೇ ದಾರಿಯಲ್ಲಿ. "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ಅಕ್ಷರ ಬಾರದ ಅಜ್ಜಿಗೂ ಗೊತ್ತು. ಆ ನಾಳೆಯ ಹಿಂದೆ ಒಂದು ದಿನದ ಕೂಲಿ ಇದೆ. ಆದ್ದರಿಂದ ಈ ದಾರಿಯ ಇತಿಹಾಸವನ್ನು ತಿಳಿಯುವುದು ನಮ್ಮೆಲ್ಲರಿಗೂ ಅಗತ್ಯ.

ಹಳಿಯ ಪಕ್ಕದ ತಂತಿ

ನಮ್ಮ ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಎಂದೇ ಹೆಸರು. ಈ ಜಿಲ್ಲೆಯ ಬಯಲು ಭಾಗಕ್ಕೆ ಹೊರಜಗತ್ತಿನ ಸುದ್ದಿ ಬೇಗ ತಲುಪಿದ್ದಕ್ಕೆ ಮುಖ್ಯ ಕಾರಣ ರೈಲು. 1880ರ ದಶಕದ ಕೊನೆಗೆ ಬೆಂಗಳೂರು–ಹರಿಹರ ಮೀಟರ್‌ಗೇಜ್ ಹಳಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಹೋಯಿತು. 1899ರಲ್ಲಿ ಬೀರೂರಿನಿಂದ ತರೀಕೆರೆ ಮಾರ್ಗವಾಗಿ ಶಿವಮೊಗ್ಗಕ್ಕೆ ಇನ್ನೊಂದು ಹಳಿ ಬಂತು. ರೈಲು ಓಡಬೇಕಾದರೆ ಮುಂದಿನ ನಿಲ್ದಾಣಕ್ಕೆ ಸುದ್ದಿ ಮೊದಲೇ ಮುಟ್ಟಬೇಕು. ಹಾಗಾಗಿ ಹಳಿಯ ಪಕ್ಕದಲ್ಲೇ ಕಂಬ ನೆಟ್ಟು ತಂತಿ ಎಳೆಯುವುದು ರೈಲ್ವೆಯ ಪದ್ಧತಿ.

ಟೆಲಿಗ್ರಾಮಿಗೆ ನಮ್ಮ ಜನ ಇಟ್ಟ ಹೆಸರೂ ಅದೇ, ತಂತಿ. ತಂತಿ ಬಂದಿದೆ ಎಂದರೆ ಅದನ್ನು ಬಿಡಿಸಿ ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ದುಬಾರಿಯಾದ ಪದಗಳನ್ನು ಸಾವಿನ ಸುದ್ದಿಗಲ್ಲದೆ ಬೇರಾವುದಕ್ಕೂ ಜನ ಖರ್ಚು ಮಾಡುತ್ತಿರಲಿಲ್ಲ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ತಂತಿ ನಿಂತದ್ದು ನಿಲ್ದಾಣದಲ್ಲಿ, ಹೆಚ್ಚೆಂದರೆ ಪಟ್ಟಣದ ಅಂಚೆ ಕಚೇರಿಯಲ್ಲಿ. ಅಲ್ಲಿಂದ ಹಳ್ಳಿಗೆ ಸುದ್ದಿ ಬಂದದ್ದು ಸೈಕಲ್ ತುಳಿದ, ಇಲ್ಲವೇ ನಡೆದೇ ಬಂದ ಒಬ್ಬ ಮನುಷ್ಯನಿಂದ. ನೂರಾರು ಮೈಲಿಯನ್ನು ಕ್ಷಣದಲ್ಲಿ ದಾಟಿದ ಸುದ್ದಿಗೆ ಕೊನೆಯ ನಾಲ್ಕು ಮೈಲಿ ದಾಟಲು ಅರ್ಧ ದಿನ ಬೇಕಾಗುತ್ತಿತ್ತು. ಮುಂದಿನ ಪ್ರತಿಯೊಂದು ಕಾಲದಲ್ಲೂ ಇದೇ ಕಷ್ಟ ಬೇರೆ ಬೇರೆ ವೇಷದಲ್ಲಿ ಬರುವುದನ್ನು ನೋಡಬಹುದು. ದೇಶದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ಮುಗಿಯಿತು.

ಟ್ರಂಕ್ ಕಾಲ್‌ನಿಂದ ಹಳದಿ ಬೂತಿಗೆ

ದೂರವಾಣಿ ನಮ್ಮ ಕಡೆ ಮೊದಲು ಬಂದದ್ದು ಪಟ್ಟಣದ ಕಚೇರಿಗಳಿಗೆ, ಮಂಡಿ ವರ್ತಕರಿಗೆ, ಕೆಲವು ಅನುಕೂಲಸ್ಥರ ಮನೆಗಳಿಗೆ. ದೂರದ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಎಕ್ಸ್‌ಚೇಂಜಿನ ಆಪರೇಟರು ಕೈಯಿಂದ ಲೈನ್ ಜೋಡಿಸಬೇಕು. ಭಾರತದಲ್ಲಿ ನೇರವಾಗಿ ನಂಬರ್ ತಿರುಗಿಸಿ ಬೇರೆ ಊರಿಗೆ ಮಾತಾಡುವ ಎಸ್.ಟಿ.ಡಿ. ಸೌಲಭ್ಯ 1960ರಲ್ಲಿ ಕಾನ್ಪುರ–ಲಖನೌ ನಡುವೆ ಶುರುವಾದರೂ ಸಣ್ಣ ಪಟ್ಟಣಗಳನ್ನು ತಲುಪಲು ಬಹಳ ವರ್ಷ ಹಿಡಿಯಿತು.

ಅದಕ್ಕೆ ಕಾರಣ ಯಂತ್ರ. ಆಗ ವಿದೇಶದಿಂದ ಬರುತ್ತಿದ್ದ ಎಕ್ಸ್‌ಚೇಂಜ್‌ಗಳು ದೊಡ್ಡ ನಗರಗಳಿಗಾಗಿ ಮಾಡಿದವು. ಅವುಗಳಿಗೆ ಹವಾನಿಯಂತ್ರಿತ ಕೊಠಡಿ ಬೇಕು, ಸಾವಿರಾರು ಚಂದಾದಾರರು ಬೇಕು. ಧೂಳು, ಸೆಕೆ, ಕರೆಂಟಿನ ಏರಿಳಿತ ಅವುಗಳಿಗೆ ಆಗದು. 1984ರ ಆಗಸ್ಟ್‌ನಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಈ ಸಮಸ್ಯೆಯನ್ನು ಎತ್ತಿಕೊಂಡಿತು. ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ 36 ತಿಂಗಳು, 36 ಕೋಟಿ ರೂಪಾಯಿ ಎಂಬ ಗುರಿಯೊಂದಿಗೆ ಭಾರತೀಯ ಇಂಜಿನಿಯರುಗಳು ಸ್ವದೇಶಿ ಎಕ್ಸ್‌ಚೇಂಜ್ ರೂಪಿಸಲು ಕೂತರು. ಅವರು ಮಾಡಿದ 128 ಪೋರ್ಟಿನ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಒಂದು ಬೀರುವಿನಷ್ಟು ಜಾಗದಲ್ಲಿ ಕೂರುತ್ತಿತ್ತು. ಎ.ಸಿ. ಬೇಡ. ಸುಮಾರು ನೂರು ಚಂದಾದಾರರಿಗೆ ಸಾಕು. ಅದು ಮೊದಲು ಕೆಲಸ ಆರಂಭಿಸಿದ್ದು ನಮ್ಮ ರಾಜ್ಯದಲ್ಲೇ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ, 1986ರಲ್ಲಿ. ಇಂಜಿನಿಯರಾಗಿ ನನಗೆ ಇದು ಬಹಳ ಹೆಮ್ಮೆಯ ವಿಷಯ. ನಗರಕ್ಕೆ ಮಾಡಿದ ಯಂತ್ರವನ್ನು ಹಳ್ಳಿಗೆ ಸಾಗಿಸುವುದು ಬೇರೆ. ಹಳ್ಳಿಯ ಧೂಳನ್ನೂ ಬಿಸಿಲನ್ನೂ ಲೆಕ್ಕಕ್ಕಿಟ್ಟುಕೊಂಡು ಯಂತ್ರ ಮಾಡುವುದು ಬೇರೆ.

ಇಂಥ ಸಣ್ಣ ಎಕ್ಸ್‌ಚೇಂಜ್‌ಗಳು ಬಂದ ಮೇಲೆ ಹೋಬಳಿ ಕೇಂದ್ರಗಳಿಗೂ ಫೋನ್ ಬಂತು. ಕಡೂರಿನ 08267, ತರೀಕೆರೆ, ಅಜ್ಜಂಪುರಗಳ 08261 ಎಂಬ ಕೋಡ್‌ಗಳು ನಮಗೆಲ್ಲ ಬಾಯಿಪಾಠವಾದವು. ಬಸ್ ನಿಲ್ದಾಣದ ಎದುರು ಹಳದಿ ಬಣ್ಣದ ಎಸ್.ಟಿ.ಡಿ. ಬೂತುಗಳು ಎದ್ದವು. ರಾತ್ರಿಯಾದ ಮೇಲೆ ದರ ಇಳಿಯುತ್ತಿದ್ದುದರಿಂದ ಆ ಹೊತ್ತಿಗೆ ಅಲ್ಲಿ ಸಾಲು. ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ, ಹೋಟೆಲ್ ಕೆಲಸಕ್ಕೆ ಹೋದ ಮಕ್ಕಳು ಬೂತಿನ ನಂಬರಿಗೆ ಫೋನ್ ಮಾಡಿ, "ಹತ್ತು ನಿಮಿಷ ಬಿಟ್ಟು ಮಾಡ್ತೀನಿ, ಅಮ್ಮನ್ನ ಕರೀರಿ ಅಣ್ಣ" ಎನ್ನುತ್ತಿದ್ದರು. ಬೂತಿನವರು ಹುಡುಗನೊಬ್ಬನನ್ನು ಅಟ್ಟಿ ಅಮ್ಮನನ್ನು ಕರೆಸುತ್ತಿದ್ದರು. ಕೊನೆಯ ಮೈಲಿ ಇಲ್ಲೂ ಒಬ್ಬ ಮನುಷ್ಯನ ಕಾಲ ಮೇಲೆಯೇ ನಿಂತಿತ್ತು.

ತಾಮ್ರದ ಜೋಡಿಯಲ್ಲಿ ಇಂಟರ್‌ನೆಟ್

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗಿನ ವಿದೇಶ ಸಂಚಾರ ನಿಗಮದಿಂದ. 2000ದ ಅಕ್ಟೋಬರ್ 1ರಂದು ದೂರಸಂಪರ್ಕ ಇಲಾಖೆಯ ಸೇವೆಗಳು ಬಿ.ಎಸ್.ಎನ್.ಎಲ್. ಆದವು. ಆ ಹೊತ್ತಿಗೆ ಕರ್ನಾಟಕದಲ್ಲಿ 'ಭೂಮಿ' ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರುತ್ತಿದ್ದವು. 2001ರ ಸುಮಾರಿಗೆ 'ಮಾಹಿತಿ ಸಿಂಧು' ಯೋಜನೆಯಿಂದ ರಾಜ್ಯದ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಬಂತು. ನಮ್ಮ ತಲೆಮಾರಿನ ಹಳ್ಳಿ ಮಕ್ಕಳು ಮೌಸ್ ಹಿಡಿದದ್ದು ಹೀಗೆ, ಸರ್ಕಾರಿ ಶಾಲೆಗಳಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಕೊಠಡಿಗೆ ಹೋಗುತ್ತಿದ್ದುದನ್ನು ನನ್ನ ಸಹಪಾಠಿಗಳು ಮರೆತಿರಲಾರರು. ಇಂಟರ್‌ನೆಟ್ ಎಂಬುದು ಮಾತ್ರ ಪುಸ್ತಕದಲ್ಲಿನ ಪದವಾಗಿತ್ತು. ಫಲಿತಾಂಶದ ದಿನ ಬಸ್ಸು ಹತ್ತಿ ಕಡೂರಿಗೋ ತರೀಕೆರೆಗೋ ಹೋಗಿ ಸೈಬರ್ ಕೆಫೆಯಲ್ಲಿ ನೋಂದಣಿ ಸಂಖ್ಯೆ ಕೊಟ್ಟು ಕಾಯುವುದೇ ನಮಗೆ ಗೊತ್ತಿದ್ದ ಇಂಟರ್‌ನೆಟ್.

ಮೊದಲು ಬಂದ ಡಯಲ್-ಅಪ್ ಮೋಡೆಮ್‌ನ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ಒಂದು ಎಂ.ಬಿ. ಗಾತ್ರದ ಫೋಟೊ ಇಳಿಯಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ಆ ಹೊತ್ತಿನಲ್ಲಿ ಫೋನ್ ಬಳಸುವಂತಿಲ್ಲ, ಫೋನಿನ ಬಿಲ್ಲೂ ಓಡುತ್ತಿರುತ್ತದೆ. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕಿಲೋಬಿಟ್ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2005ರಿಂದ ಬಿ.ಎಸ್.ಎನ್.ಎಲ್. ಅದೇ ಫೋನಿನ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಕೊಡತೊಡಗಿತು. ಈಗ ಅದೇ ಫೋಟೊಗೆ ಅರ್ಧ ನಿಮಿಷ ಸಾಕು, ಜೊತೆಗೆ ಫೋನಿನಲ್ಲಿ ಮಾತನ್ನೂ ಆಡಬಹುದು.

ಆದರೆ ತಾಮ್ರಕ್ಕೆ ಒಂದು ಸ್ವಭಾವವಿದೆ. ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ಅದರಲ್ಲಿ ಸಂಕೇತ ಕ್ಷೀಣಿಸುತ್ತದೆ. ಮೂರು ನಾಲ್ಕು ಕಿಲೋಮೀಟರ್ ದಾಟಿದರೆ ವೇಗ ಕುಸಿಯುತ್ತದೆ, ಐದು ದಾಟಿದರೆ ಸಂಪರ್ಕ ನಿಲ್ಲುವುದೇ ಕಷ್ಟ. ಪೇಟೆಯೊಳಗಿನ ಮನೆಗಳಿಗೆ ಇದು ತೊಂದರೆಯಲ್ಲ. ನಮ್ಮಲ್ಲಿ ಹಟ್ಟಿ, ತಾಂಡಾ, ತೋಟದ ಮನೆ ಎಂದು ಜನ ಚದುರಿ ವಾಸಿಸುತ್ತಾರೆ. ಯಗಟಿ, ಸಿಂಗಟಗೆರೆ, ಶಿವನಿ ಕಡೆಯ ಬಯಲಿನಲ್ಲಾಗಲಿ, ಲಿಂಗದಹಳ್ಳಿ, ಲಕ್ಕವಳ್ಳಿ ಕಡೆಯ ಕಾಡಂಚಿನಲ್ಲಾಗಲಿ ಎಕ್ಸ್‌ಚೇಂಜಿಗೆ ಐದು ಕಿಲೋಮೀಟರ್ ಎಂಬುದು ಹತ್ತಿರದ ಲೆಕ್ಕ. ಮಳೆಗಾಲದಲ್ಲಿ ಜೋಡಣೆಯ ಪೆಟ್ಟಿಗೆಗೆ ನೀರು ಇಳಿದರೆ ಬರೀ ಗೊರಗೊರ ಸದ್ದು. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿಗೆ ತಂತಿಯ ಮೂಲಕವೇ ವಿದ್ಯುತ್ ನುಗ್ಗಿ ಮೋಡೆಮ್ ಸುಡುತ್ತಿತ್ತು. ತಾಮ್ರಕ್ಕೆ ಗುಜರಿಯಲ್ಲಿ ಬೆಲೆ ಇರುವುದರಿಂದ ಕೇಬಲ್ ಕಳವೂ ಇತ್ತು.

ಗೋಪುರಗಳ ಕಾಲ

ತಂತಿಯ ಈ ಕಷ್ಟವನ್ನು ಮೊಬೈಲ್ ಒಂದೇ ನೆಗೆತಕ್ಕೆ ದಾಟಿಬಿಟ್ಟಿತೆಂದು ಎಲ್ಲರೂ ಭಾವಿಸಿದರು. 2002ರ ಅಕ್ಟೋಬರ್‌ನಲ್ಲಿ ಬಿ.ಎಸ್.ಎನ್.ಎಲ್. ಮೊಬೈಲ್ ಸೇವೆ ಆರಂಭವಾಯಿತು. 2003ರಲ್ಲಿ ಒಳಬರುವ ಕರೆಗೆ ದುಡ್ಡು ಕೊಡುವುದು ತಪ್ಪಿದ ಮೇಲೆ ರೈತರ ಜೇಬಿಗೂ ಮೊಬೈಲ್ ಬಂತು. ಅಡಿಕೆ ಧಾರಣೆ, ಈರುಳ್ಳಿ ಲಾರಿ, ತೋಟದ ಮೋಟರಿಗೆ ಕರೆಂಟು ಬಂದ ಹೊತ್ತು, ಎಲ್ಲವೂ ಒಂದು ಮಿಸ್ಡ್ ಕಾಲ್‌ನಲ್ಲಿ ತಿಳಿಯತೊಡಗಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಬಳಿಕ ದರಗಳು ಕುಸಿದು, ಎಂ.ಬಿ. ಲೆಕ್ಕದಲ್ಲಿ ಕೊಳ್ಳುತ್ತಿದ್ದ ಡೇಟಾವನ್ನು ಜನ ದಿನಕ್ಕೊಂದು ಜಿ.ಬಿ. ಲೆಕ್ಕದಲ್ಲಿ ಬಳಸತೊಡಗಿದರು.

ಗೋಪುರಕ್ಕೂ ಅದರದೇ ಮಿತಿಗಳಿವೆ. ಒಂದು ಗೋಪುರದ ಸಾಮರ್ಥ್ಯವನ್ನು ಅದರ ವ್ಯಾಪ್ತಿಯಲ್ಲಿರುವ ಎಲ್ಲರೂ ಹಂಚಿಕೊಳ್ಳಬೇಕು. ಕೆರೆಯ ಒಂದೇ ತೂಬಿನಿಂದ ಇಡೀ ಅಚ್ಚುಕಟ್ಟಿಗೆ ನೀರು ಬಿಟ್ಟ ಹಾಗೆ. ಬೆಳಗಿನ ಜಾವ ಚೆನ್ನಾಗಿರುವ ವೇಗ ರಾತ್ರಿ ಎಂಟಕ್ಕೆ ತೆವಳುತ್ತದೆ. ಗುಡ್ಡ ಅಡ್ಡ ಬಂದರೆ ಸಿಗ್ನಲ್ ಇಲ್ಲ. ಕೆಮ್ಮಣ್ಣುಗುಂಡಿಯ ಇಳಿಜಾರಿನ ಹಳ್ಳಿಗಳಲ್ಲಿ ಮನೆಯ ಜಗಲಿಯಲ್ಲಿ ಬರುವ ಸಿಗ್ನಲ್ ಅಡುಗೆ ಮನೆಯಲ್ಲಿ ಬರುವುದಿಲ್ಲ. ಕರೆಂಟು ಹೋಗಿ ಗೋಪುರದ ಬ್ಯಾಟರಿ ಇಳಿದರೆ ಊರಿಗೆ ಊರೇ ಮೌನ. ಇದಕ್ಕಿಂತ ಮುಖ್ಯವಾದದ್ದು, ಗೋಪುರದಿಂದ ಹಿಂದಕ್ಕೆ ಹೋಗುವ ದಾರಿ. ಮೊಬೈಲ್ ಗಾಳಿಯಲ್ಲಿ ಕೆಲಸ ಮಾಡುತ್ತದೆ ಎಂದು ನಾವು ತಿಳಿಯುತ್ತೇವೆ. ಗೋಪುರದವರೆಗೆ ಮಾತ್ರ ಅದು ಗಾಳಿ. ಅಲ್ಲಿಂದಾಚೆಗೆ ಒಳ್ಳೆಯ ಕೇಬಲ್ ಇಲ್ಲದಿದ್ದರೆ ನಾಲ್ಕು ಕಡ್ಡಿ ಸಿಗ್ನಲ್ ಕಂಡರೂ ಪುಟ ತೆರೆಯುವುದಿಲ್ಲ.

ಪರೀಕ್ಷೆಗೆ ಬಂದ 2020

ಈ ಎಲ್ಲ ಕೊರತೆಗಳು ಒಮ್ಮೆಲೇ ಬಯಲಾದದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಜುಲೈನಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಶುರುವಾಗಿ, ಶಿಕ್ಷಕರೇ ಹಳ್ಳಿಗಳಿಗೆ ಬಂದು ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಕೇಬಲ್ ಮುಟ್ಟದ ಕಡೆ ಮೇಷ್ಟ್ರು ಮುಟ್ಟಿದರು. ಆ ದಿನಗಳಲ್ಲಿ ಬಿಸಿಲು ಮಳೆ ಎನ್ನದೆ, ಸೋಂಕಿನ ಭಯವನ್ನೂ ಬದಿಗಿಟ್ಟು ಓಡಾಡಿದ ಗುರುಗಳಿಗೆ ಈ ಸಂಚಿಕೆಯ ಮೂಲಕ ನನ್ನ ನಮಸ್ಕಾರ.

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂತು. ರಸ್ತೆ ಬದಿ ಕೂತು ಮಗಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ, ಸುರಿವ ಮಳೆಯಲ್ಲಿ ತಂದೆ ಅವಳಿಗೆ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ಸಿಗ್ನಲ್ ಇರಲಿಲ್ಲ. ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಹಳ್ಳಿಗಳಲ್ಲಿ "ನೋ ನೆಟ್‌ವರ್ಕ್, ನೋ ವೋಟಿಂಗ್" ಎಂಬ ಕೂಗು ಎದ್ದಿತು. ನೀರು, ರಸ್ತೆಗಳ ಸಾಲಿಗೆ ನೆಟ್‌ವರ್ಕ್ ಕೂಡ ಚುನಾವಣೆಯ ಮಾತಾಯಿತು. ಇದಕ್ಕೂ ಮೊದಲೇ, 2019ರ ಸೆಪ್ಟೆಂಬರ್‌ನಲ್ಲಿ, ಹಾಸ್ಟೆಲ್ ವಿದ್ಯಾರ್ಥಿನಿಯೊಬ್ಬರ ಪ್ರಕರಣದಲ್ಲಿ ಕೇರಳ ಹೈಕೋರ್ಟು ಇಂಟರ್‌ನೆಟ್ ಬಳಕೆಯು ಶಿಕ್ಷಣದ ಹಕ್ಕಿನ ಭಾಗ ಎಂದು ಹೇಳಿತ್ತು.

ನನ್ನಂಥ ಎಷ್ಟೋ ಮಂದಿ ಆಗ ಲ್ಯಾಪ್‌ಟಾಪ್ ಸಮೇತ ಊರಿಗೆ ಮರಳಿದೆವು. ಮೂರು ಕಂಪನಿಗಳ ಸಿಮ್ ಇಟ್ಟುಕೊಂಡು, ಯಾವುದು ಸಿಗುತ್ತದೋ ಅದರಲ್ಲಿ ಕೆಲಸ. ಮೀಟಿಂಗ್ ನಡುವೆ ಕರೆಂಟು ಹೋದರೆ ತೋಟದ ಮೇಲ್ಬದಿಗೆ ಓಟ. ಕೆಲವು ಗೆಳೆಯರು ತಿಂಗಳೊಪ್ಪತ್ತಿನಲ್ಲೇ ಬೆಂಗಳೂರಿನ ಖಾಲಿ ಬಾಡಿಗೆ ಮನೆಗೆ ವಾಪಸು ಹೋದರು. ಊರಿನಲ್ಲಿ ಊಟ, ಗಾಳಿ, ತಂದೆತಾಯಿ ಎಲ್ಲ ಇದ್ದೂ, ಒಂದು ಎಳೆ ಇಲ್ಲದ್ದರಿಂದ ಹೋಗಬೇಕಾಯಿತು. ಉಳಿದುಕೊಂಡವರು ಯಾರೆಂದು ನೋಡಿದರೆ, ಬಹುತೇಕ ಮನೆಗೆ ಫೈಬರ್ ಎಳೆಸಿಕೊಳ್ಳಲು ಸಾಧ್ಯವಾದವರು.

ಗಾಜಿನ ಎಳೆ

ಆಪ್ಟಿಕಲ್ ಫೈಬರ್ ಎಂದರೆ ಗಾಜಿನ ಎಳೆ. ಹೆಚ್ಚುಕಡಿಮೆ ತಲೆಗೂದಲಿನಷ್ಟು ದಪ್ಪ. ಅದರೊಳಗೆ ವಿದ್ಯುತ್ತಿನ ಬದಲು ಬೆಳಕು ಓಡುತ್ತದೆ. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಸಿಡಿಲಿನ ಹೊಡೆತ ಎಳೆಯ ಮೂಲಕ ಮನೆಯೊಳಗೆ ಬರುವುದಿಲ್ಲ. ಗುಜರಿಯಲ್ಲಿ ಬೆಲೆ ಇಲ್ಲವಾದ್ದರಿಂದ ಕಳ್ಳರಿಗೂ ಬೇಡ. ಇಪ್ಪತ್ತು ಕಿಲೋಮೀಟರ್ ದೂರದವರೆಗೂ ವೇಗ ಕುಗ್ಗುವುದಿಲ್ಲ. ಒಂದೇ ಎಳೆಯ ಬೆಳಕನ್ನು ಪುಟ್ಟ ಪೆಟ್ಟಿಗೆಯೊಂದರಲ್ಲಿ ಮೂವತ್ತೆರಡು, ಅರವತ್ತನಾಲ್ಕು ಕವಲಾಗಿ ಒಡೆದು ಅಷ್ಟು ಮನೆಗಳಿಗೆ ಕೊಡಬಹುದು, ಆ ಪೆಟ್ಟಿಗೆಗೆ ಕರೆಂಟೂ ಬೇಡ. ಚದುರಿದ ಹಟ್ಟಿಗಳಿಗೆ, ತೋಟದ ಮನೆಗಳಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ಇನ್ನೊಂದಿಲ್ಲ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ನೀಡಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವುದು ಉದ್ದೇಶ. ಹಣ ಬಂದದ್ದು ಸಾರ್ವತ್ರಿಕ ಸೇವಾ ನಿಧಿಯಿಂದ. ದೂರಸಂಪರ್ಕ ಕಂಪನಿಗಳ ಆದಾಯದ ಶೇಕಡಾ 5ರಷ್ಟನ್ನು ಹಳ್ಳಿಗಳ ಸೇವೆಗೆಂದೇ ತೆಗೆದಿಡುವ ನಿಧಿ ಅದು. ಅಂದರೆ ನಾವು ಪ್ರತಿ ರೀಚಾರ್ಜಿನಲ್ಲೂ ಕೊಟ್ಟ ದುಡ್ಡು ಅದರಲ್ಲಿದೆ. 2015ರಲ್ಲಿ ಯೋಜನೆಗೆ ಭಾರತ್‌ನೆಟ್ ಎಂಬ ಹೆಸರಾಯಿತು. ಎರಡು ವರ್ಷದಲ್ಲಿ ಮುಗಿಸುವ ಅಂದಾಜಿದ್ದ ಕೆಲಸದಲ್ಲಿ ಮೊದಲ ಒಂದು ಲಕ್ಷ ಪಂಚಾಯಿತಿಗಳು ಮುಗಿಯುವಾಗ 2017ರ ಡಿಸೆಂಬರ್ ಆಗಿತ್ತು.

ಮೊದಲ ಹಂತದ ರಚನೆಯಲ್ಲಿ ಒಂದು ದೌರ್ಬಲ್ಯವಿತ್ತು. ಕೇಬಲ್ ಮರದ ಕೊಂಬೆಗಳಂತೆ ತಾಲ್ಲೂಕು ಕೇಂದ್ರದಿಂದ ಕವಲೊಡೆದು ಪಂಚಾಯಿತಿಯಲ್ಲಿ ಕೊನೆಗೊಳ್ಳುತ್ತಿತ್ತು. ನಡುವೆ ಒಂದು ಕಡೆ ಜೆಸಿಬಿ ತಗುಲಿದರೆ ಅದರಾಚೆಗಿನ ಎಲ್ಲ ಊರುಗಳೂ ಕತ್ತಲು. ಪಂಚಾಯಿತಿ ಕಚೇರಿಯಲ್ಲಿ ಪೆಟ್ಟಿಗೆ ಕೂತರೂ ಅದಕ್ಕೆ ಯು.ಪಿ.ಎಸ್. ಬ್ಯಾಟರಿ ಬದಲಿಸುವವರು ಬೇಕು. ಸಂಪರ್ಕ ಕೊಟ್ಟಾಗಿದೆ ಎಂಬ ಲೆಕ್ಕ ಒಂದು, ಅದು ಇಂದು ಓಡುತ್ತಿದೆಯೇ ಎಂಬ ಲೆಕ್ಕ ಇನ್ನೊಂದು. ಅದೇ ಹೊತ್ತಿಗೆ, 2020ರ ಜನವರಿ ಕೊನೆಗೆ, ಬಿ.ಎಸ್.ಎನ್.ಎಲ್.ನಿಂದ ಸುಮಾರು 78 ಸಾವಿರ ಮಂದಿ ಸ್ವಯಂ ನಿವೃತ್ತಿ ಪಡೆದರು. ಯಾವ ಕಂಬದಿಂದ ಯಾವ ಮನೆಗೆ ಯಾವ ತಂತಿ ಹೋಗಿದೆ ಎಂದು ಬಾಯಲ್ಲೇ ಹೇಳಬಲ್ಲ ಲೈನ್‌ಮನ್‌ಗಳ ಒಂದು ತಲೆಮಾರು ಹೀಗೆ ಕೆಲಸದಿಂದ ಇಳಿಯಿತು.

2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿ ಮಾಡಿದ ಭಾರತ್‌ನೆಟ್ ಯೋಜನೆ ಈ ಕೊರತೆಗಳನ್ನು ಗುರುತಿಸಿದೆ. ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ಈ ಯೋಜನೆಯಲ್ಲಿ ಕೇಬಲ್ಲನ್ನು ಕವಲಿನ ಬದಲು ಉಂಗುರದಂತೆ ಹಾಕಬೇಕು. ಒಂದು ಕಡೆ ತುಂಡಾದರೆ ಇನ್ನೊಂದು ದಿಕ್ಕಿನಿಂದ ಸಂಪರ್ಕ ಬರುತ್ತದೆ. ಹತ್ತು ವರ್ಷದ ನಿರ್ವಹಣೆಯ ಹೊಣೆಯೂ ಗುತ್ತಿಗೆಯಲ್ಲಿ ಸೇರಿದೆ. ಪಂಚಾಯಿತಿ ಕೇಂದ್ರವಲ್ಲದ ಹಳ್ಳಿಗಳಿಗೂ ಬೇಡಿಕೆ ಇದ್ದರೆ ಎಳೆ ಕೊಡಬೇಕೆಂದಿದೆ. ಬೇಡಿಕೆ ಇದ್ದರೆ ಎಂಬ ಮಾತನ್ನು ಊರಿನವರು ಗಮನಿಸಬೇಕು. ಕೇಳಿದವರಿಗೆ ಮೊದಲು ಸಿಗುತ್ತದೆ.

ಪಂಚಾಯಿತಿಯಿಂದ ಮನೆಗೆ

ಪಂಚಾಯಿತಿಯವರೆಗೆ ಸರ್ಕಾರ ತಂದಿತು. ಅಲ್ಲಿಂದ ಮನೆಗೆ ತಂದವರು ಯಾರು? ನಮ್ಮ ಕೇಬಲ್ ಟಿ.ವಿ.ಯವರು. ತೊಂಬತ್ತರ ದಶಕದಲ್ಲಿ ಡಿಶ್ ಹಾಕಿ ಮನೆಮನೆಗೆ ಕೇಬಲ್ ಎಳೆದವರಿಗೆ ಊರಿನ ಪ್ರತಿ ಸಂದಿ, ಪ್ರತಿ ಮರ ಗೊತ್ತು. 2017ರ ಹೊತ್ತಿಗೆ ಟಿ.ವಿ. ಪೂರ್ತಿ ಡಿಜಿಟಲ್ ಆಗಿ, ಮನೆಮನೆಯ ಮೇಲೆ ಡಿ.ಟಿ.ಎಚ್. ಬುಟ್ಟಿ ಬಂದಾಗ ಅವರ ವ್ಯಾಪಾರ ಸೊರಗಿತು. ಇಂಥವರನ್ನು ಪಾಲುದಾರರನ್ನಾಗಿ ಮಾಡಿಕೊಂಡು, ಬಂದ ಆದಾಯ ಹಂಚಿಕೊಳ್ಳುವ ಪದ್ಧತಿಯನ್ನು ಬಿ.ಎಸ್.ಎನ್.ಎಲ್. ತಂದಿತು, ಖಾಸಗಿ ಕಂಪನಿಗಳೂ ಅದೇ ಹಾದಿ ಹಿಡಿದವು. ತಿಂಗಳಿಗೆ ನಾಲ್ಕುನೂರು, ಐನೂರು ರೂಪಾಯಿಗೆ ಸೆಕೆಂಡಿಗೆ 30 ಮೆಗಾಬಿಟ್ ವೇಗದ ಸಂಪರ್ಕ ಹಳ್ಳಿ ಮನೆಗೆ ಬಂದದ್ದು ಹೀಗೆ. ಮೊದಲು ಹೇಳಿದ ಆ ಫೋಟೊ ಈಗ ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಇಳಿಯುತ್ತದೆ.

ಹಾಗೆಂದು ಎಲ್ಲವೂ ಸುಗಮವಲ್ಲ. ಕಂಬದಿಂದ ಕಂಬಕ್ಕೆ ಹೋದ ಕೇಬಲ್ ಮೇಲೆ ತೆಂಗಿನ ಗರಿ ಬೀಳುತ್ತದೆ. ಅಳಿಲು ಕಡಿಯುತ್ತದೆ. ಎತ್ತರದ ಹುಲ್ಲಿನ ಲಾರಿ ಎಳೆದುಕೊಂಡು ಹೋಗುತ್ತದೆ. ನೆಲದೊಳಗಿನದ್ದು ಹೆದ್ದಾರಿ ಅಗಲಿಸುವಾಗ, ನೀರಿನ ಪೈಪು ಹಾಕುವಾಗ ತುಂಡಾಗುತ್ತದೆ. ನಮ್ಮ ಮನೆಯ ಸಂಪರ್ಕವೂ ಒಮ್ಮೆ ಪೈಪಿಗೆಂದು ತೆಗೆದ ಗುಂಡಿಯಿಂದ ಒಂಬತ್ತು ದಿನ ನಿಂತಿತ್ತು. ಎಳೆ ಜೋಡಿಸುವ ಕೆಲಸ ಇಪ್ಪತ್ತು ನಿಮಿಷದ್ದು. ತುಂಡಾದ ಎರಡು ಗಾಜಿನ ತುದಿಗಳನ್ನು ಯಂತ್ರದಲ್ಲಿ ಎದುರುಬದುರು ಇಟ್ಟು ಕಿಡಿಯಿಂದ ಕರಗಿಸಿ ಬೆಸೆಯುತ್ತಾರೆ. ಉಳಿದ ಒಂಬತ್ತು ದಿನ ಹೋದದ್ದು ಎಲ್ಲಿ ತುಂಡಾಗಿದೆ ಎಂದು ಹುಡುಕುವುದರಲ್ಲಿ, ಬೆಸೆಯುವ ಯಂತ್ರ ಮತ್ತು ಅದನ್ನು ಬಲ್ಲ ಹುಡುಗ ಬೇರೆ ತಾಲ್ಲೂಕಿನಿಂದ ಬರುವುದರಲ್ಲಿ.

ಇತಿಹಾಸ ಹೇಳುವುದೇನು

ನೂರಕ್ಕೂ ಹೆಚ್ಚು ವರ್ಷಗಳ ಈ ಕಥೆಯಲ್ಲಿ ಯಂತ್ರಗಳು ಬದಲಾಗಿವೆ, ಕಷ್ಟ ಬದಲಾಗಿಲ್ಲ. ಪ್ರತಿ ಸಲವೂ ದೊಡ್ಡ ದಾರಿಯನ್ನು ಸರ್ಕಾರವೋ ಕಂಪನಿಯೋ ಹಾಕಿತು. ಊರಿನೊಳಗಿನ ದಾರಿಯನ್ನು ಅಂಚೆಯವರು, ಬೂತಿನವರು, ಲೈನ್‌ಮನ್, ಮೇಷ್ಟ್ರು, ಕೇಬಲ್‌ನವರು ದಾಟಿಸಿದರು. ಸಂಪರ್ಕ ಬರುವುದು ಯೋಜನೆಯಿಂದ, ನಿಲ್ಲುವುದು ನಿಗಾದಿಂದ.

ಇದನ್ನು ಊರಿನವರೇ ಮಾಡಬಹುದೆಂಬುದಕ್ಕೆ ನಿದರ್ಶನಗಳಿವೆ. ಇಂಗ್ಲೆಂಡಿನ ಲ್ಯಾಂಕಾಷೈರ್ ಭಾಗದಲ್ಲಿ ಕಂಪನಿಗಳು ಬರಲೊಲ್ಲವೆಂದಾಗ ಹಳ್ಳಿಯವರು 2011ರಲ್ಲಿ ಸ್ವಂತ ಸಂಸ್ಥೆ ಕಟ್ಟಿ, ರೈತರು ತಮ್ಮ ಹೊಲಗಳಲ್ಲಿ ತಾವೇ ಕಾಲುವೆ ತೋಡಿ ಫೈಬರ್ ಹಾಕಿಕೊಂಡರು. ಅಷ್ಟು ದೂರ ಏಕೆ, ನಮ್ಮದೇ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ವಿದ್ಯುತ್ ವಿತರಣೆಯನ್ನೇ ಹೊತ್ತು ನಡೆಸಿಕೊಂಡು ಬಂದಿದೆ. ಹಾಲಿನ ಡೇರಿ ನಡೆಸಬಲ್ಲ ಊರುಗಳಿಗೆ ಒಂದು ಎಳೆಯನ್ನು ಕಾಯುವುದು ಅಸಾಧ್ಯವಲ್ಲ.

ನಮ್ಮ ಸೀಮೆಗೆ ಒಂದು ಅನುಕೂಲವೂ ಇದೆ. ಬೀರೂರಿನಿಂದ ಒಂದು ಹಳಿ ತರೀಕೆರೆಗೆ, ಇನ್ನೊಂದು ಅಜ್ಜಂಪುರಕ್ಕೆ ಹೋಗುತ್ತದೆ. ತರೀಕೆರೆ–ಅಜ್ಜಂಪುರ ನಡುವೆ ರಸ್ತೆ ಇದೆ. ಭೂಪಟದಲ್ಲಿ ಇದು ತ್ರಿಕೋನ. ಉಂಗುರದಂತೆ ಕೇಬಲ್ ಹಾಕಲು ಇದಕ್ಕಿಂತ ಒಳ್ಳೆಯ ನಕ್ಷೆ ಬೇಕಿಲ್ಲ. 2017ರಲ್ಲಿ ಅಜ್ಜಂಪುರವನ್ನು ತಾಲ್ಲೂಕು ಎಂದು ಘೋಷಿಸಿದ ಮೇಲೆ ಮೂರೂ ಮೂಲೆಗಳಿಗೆ ಕೇಳುವ ದನಿಯೂ ಬಂದಿದೆ. ಮೂರು ತಾಲ್ಲೂಕಿನವರು ಒಟ್ಟಾಗಿ ಕೇಳಿದರೆ ಬಲ ಹೆಚ್ಚು.

ಸುವರ್ಣ ಮಹೋತ್ಸವದ ನೆನಪಿಗೆ ಕೆಲವು ಕೆಲಸಗಳನ್ನು ಕೈಗೆತ್ತಿಕೊಳ್ಳಬಹುದೆಂದು ಊರಿನ ಹಿರಿಯರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ವಿನಂತಿಸುತ್ತೇನೆ. ಒಂದು, ಪಂಚಾಯಿತಿಯ ಫೈಬರ್ ಪೆಟ್ಟಿಗೆಗೂ ಶಾಲೆಗೂ ಒಳ್ಳೆಯ ಬ್ಯಾಟರಿ ವ್ಯವಸ್ಥೆ. ಅದನ್ನು ಬದಲಿಸಲು ವರ್ಷಕ್ಕಿಷ್ಟು ಎಂದು ತೆಗೆದಿಡುವುದು. ಎರಡು, ಕೇಬಲ್ ಹೋಗಿರುವ ದಾರಿಯ ನಕ್ಷೆಯೊಂದನ್ನು ನಮ್ಮ ಹತ್ತನೇ ತರಗತಿ ಮಕ್ಕಳಿಂದಲೇ ಬರೆಸಿ ಪಂಚಾಯಿತಿ ಗೋಡೆಗೆ ಹಾಕುವುದು. 2023ರಿಂದ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಇದೆ. ಅಗೆಯುವ ಮೊದಲು ಅದರಲ್ಲಿ ತಿಳಿಸುವಂತೆ ಜೆಸಿಬಿ ಮಾಲೀಕರಿಗೆ ಹೇಳುವುದು. ಮೂರು, ಊರಿನ ಇಬ್ಬರು ಐ.ಟಿ.ಐ. ಓದಿದ ಯುವಕ ಯುವತಿಯರಿಗೆ ಫೈಬರ್ ಬೆಸೆಯುವ ತರಬೇತಿ. ಯಂತ್ರದ ಖರ್ಚನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಸೇರಿ ಭರಿಸಬಹುದು. ನಾಲ್ಕು, ಸಂಪರ್ಕ ನಿಂತ ದಿನ, ಬಂದ ದಿನ, ದೂರಿನ ಸಂಖ್ಯೆಗಳನ್ನು ಬರೆಯುವ ಒಂದು ರಿಜಿಸ್ಟರ್. ಕಚೇರಿಗಳು ಬಾಯಿಮಾತಿಗಿಂತ ತಾರೀಖು ಹಾಕಿದ ಪುಸ್ತಕಕ್ಕೆ ಬೇಗ ಕಿವಿಗೊಡುತ್ತವೆ.

ಐವತ್ತು ವರ್ಷದ ಹಿಂದೆ ಹೈಸ್ಕೂಲಿಗಾಗಿ ಮೈಲುಗಟ್ಟಲೆ ನಡೆಯುವುದನ್ನು ತಪ್ಪಿಸಲು ಊರಿನವರು ಜಾಗ ಕೊಟ್ಟು, ಕಲ್ಲು ಹೊತ್ತು ಈ ಶಾಲೆಯನ್ನು ತಂದರು. ಓದಲು ಊರು ಬಿಡಬೇಕಿಲ್ಲ ಎಂಬುದು ಅವರ ಆಸೆ. ಓದಿದ ಮೇಲೆ ದುಡಿಯಲೂ ಊರು ಬಿಡಲೇಬೇಕಿಲ್ಲ ಎಂಬ ದಿನ ಬರಬೇಕಾದರೆ ಆ ಗಾಜಿನ ಎಳೆ ಮಳೆಗಾಲದಲ್ಲೂ ತುಂಡಾಗದೆ ಇರಬೇಕು. ಅದನ್ನು ಕಾಯುವ ಕೆಲಸ ನಮ್ಮ ಪಾಲಿನದು. ಶಾಲೆಗೆ, ಗುರುಗಳಿಗೆ, ಊರಿಗೆ ಶುಭವಾಗಲಿ.